ಫೋಟೊ ತೆಗೆದ ಮಾತ್ರಕ್ಕೆ ಮಗ ರೌಡಿ ಆಗಲ್ಲಮ್ಮ

ನಿಮ್ಮ ಪ್ರಶ್ನೆ, ನಿವೃತ್ತ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಉತ್ತರ

ಪ್ರಶ್ನೆ: ಮಗನಿಗೆ 16 ವರ್ಷ, ಫಸ್ಟ್ ಪಿಯುಸಿ. ಸಂಜೆ ಟೀ ಅಂಗಡಿ ಹತ್ತಿರ ಏರಿಯಾ ಹುಡುಗರ ಜತೆ ನಿಲ್ಲುತ್ತಾನೆ. ಅವರಲ್ಲೊಬ್ಬ ಮೊಬೈಲ್ ಕಿತ್ತುಕೊಂಡು ಓಡುವಾಗ ಸಿಕ್ಕಿಬಿದ್ದ. ಮೊನ್ನೆ ಬೀಟ್ ಪೊಲೀಸರು ನನ್ನ ಮಗನ ಹೆಸರನ್ನೂ ಬರೆದುಕೊಂಡು, ಫೋಟೊ ತೆಗೆದು, 'ಸ್ಟೇಷನ್ನಿಗೆ ಬಾ' ಅಂದು ಹೋಗಿದ್ದಾರೆ. ರೌಡಿ ಶೀಟ್ ಹಾಕಿಬಿಡುತ್ತಾರಾ? ಯಾರಾದರೂ ಲೀಡರ್ ಕೈಲಿ ಹೇಳಿಸಿ ಅನ್ನುತ್ತಾರೆ ಅಕ್ಕಪಕ್ಕದವರು.
– ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಲೀಡರ್ ಬೇಡಮ್ಮ. ಮಗನನ್ನು ಕರೆದುಕೊಂಡು ನೀವೇ ಹೋಗಿ. ಅವನೊಬ್ಬನನ್ನೇ ಕಳಿಸಬೇಡಿ. ಹೋಗದೇ ಇರುವುದಂತೂ ಬೇಡವೇ ಬೇಡ. ಬಾಗಿಲಲ್ಲಿ ನಿಂತ ಸೆಂಟ್ರಿಯನ್ನು 'ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು?' ಅಂತ ಕೇಳಿ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರಿಗೆ ಆ ಹೊಣೆ ಇರಬೇಕು. 'ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ' ಅಂದರೆ ಅದು ಸುಳ್ಳೇ ಆಗಿರಬೇಕಿಲ್ಲ. ಗಣೇಶನ ಮೆರವಣಿಗೆ, ಕ್ರಿಕೆಟ್ ಮ್ಯಾಚು, ಮಂತ್ರಿಗಳ ಓಡಾಟ, ಎಲ್ಲಕ್ಕೂ ಅದೇ ಜನ. ಯಾವಾಗ ಸಿಗುತ್ತಾರೆ ಅಂತ ಕೇಳಿಕೊಂಡು ಮತ್ತೆ ಹೋಗಿ.

ಗೆಳೆಯ ಸಿಕ್ಕಿಬಿದ್ದ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಮಗನ ಮೇಲೆ ಶೀಟ್ ಹಾಕಲು ಬರುವುದಿಲ್ಲ. ಆ ಗೆಳೆಯನಿಗೂ 18 ತುಂಬಿಲ್ಲದಿದ್ದರೆ ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಅವನ ಹೆಸರು, ಫೋಟೊ ಪೇಪರಿಗೂ ಹೋಗಬಾರದು, ಏರಿಯಾ ವಾಟ್ಸ್‌ಆ್ಯಪ್ ಗ್ರೂಪಿಗೂ ಹೋಗಬಾರದು. ಇದನ್ನು ಅವನ ತಾಯಿಗೂ ತಿಳಿಸಿ. ಆ ಮನೆಗೆ ಈಗ ಯಾರೂ ಹೋಗುತ್ತಿರಲಿಕ್ಕಿಲ್ಲ.

ನನಗೆ ಮುಖ್ಯ ಅನ್ನಿಸುವುದು ಬೇರೆ. ಮೊಬೈಲ್ ಕಿತ್ತುಕೊಂಡದ್ದಕ್ಕೆ ಹೆಚ್ಚೆಂದರೆ 3 ವರ್ಷ ಶಿಕ್ಷೆ. ಇಂಥ ಸಣ್ಣ ಅಪರಾಧದಲ್ಲಿ ಬರೀ ಮಕ್ಕಳೇ ಇದ್ದರೆ 2016ರ ಬಾಲನ್ಯಾಯ ನಿಯಮದಂತೆ ಎಫ್‌ಐಆರ್ ಇಲ್ಲ. ಠಾಣೆ ಡೈರಿಯಲ್ಲಿ ಬರೆದು, ಹುಡುಗನ ಮನೆ, ಓದು, ಸಹವಾಸದ ವರದಿ ಸೇರಿಸಿ ಮಂಡಳಿಗೆ ಕಳಿಸುತ್ತಾರೆ. ಜತೆಗೆ ದೊಡ್ಡವನೊಬ್ಬ ಇದ್ದನೋ, ಎಫ್‌ಐಆರ್ ಆಗುತ್ತದೆ. ನಾನು ಸರ್ವೀಸಿನಲ್ಲಿ ನೋಡಿದ ಗುಂಪುಗಳಿಗೆಲ್ಲ ಹೆಚ್ಚುಕಮ್ಮಿ ಒಬ್ಬ 'ಅಣ್ಣ' ಇರುತ್ತಿದ್ದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಬೈಕ್ ಕೊಡುವವನು ಅವನು, ರಾತ್ರಿ ಬಿರಿಯಾನಿ ಕೊಡಿಸುವವನು ಅವನು, ಹುಡುಗರು ತಂದ ಮೊಬೈಲ್ ಮಾರುವವನೂ ಅವನೇ. 'ನೀವಿನ್ನೂ ಚಿಕ್ಕೋರು ಕಣ್ರೋ, ಏನೂ ಆಗಲ್ಲ' ಅಂತ ಧೈರ್ಯ ತುಂಬುತ್ತಿದ್ದ. ಹೀಗೆ ಮಕ್ಕಳನ್ನು ಬಳಸಿಕೊಂಡವನಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ಇದೆ. ಆದರೆ ಹುಡುಗರು ಅವನ ಹೆಸರು ಬಾಯಿಬಿಡುವುದಿಲ್ಲ. ಮನೆಯಲ್ಲಿ, ಸ್ಕೂಲಲ್ಲಿ ಬೈಸಿಕೊಂಡ ದಿನ ಇವರನ್ನು ಕೂರಿಸಿಕೊಂಡು ಮಾತಾಡಿಸಿದವನು ಅವನೇ ಅಲ್ವಾ?

ಹಾಗಾಗಿ 'ಅವರ ಜತೆ ಯಾಕೆ ನಿಲ್ತೀಯ' ಅಂತ ಬೈಯುವುದು ಬಿಡಿ. ಟೀ ದುಡ್ಡು ಯಾರು ಕೊಡುತ್ತಾರೆ ಅಂತ ಸುಮ್ನೆ ಕೇಳಿ. ಉತ್ತರ ಸಿಕ್ಕರೆ ಆ ಮಕ್ಕಳ ಕಲ್ಯಾಣ ಅಧಿಕಾರಿಗೆ ಹೇಳಿ.

ಪ್ರಶ್ನೆ: 'ತೆರೆದ ಮನೆ' ಕಾರ್ಯಕ್ರಮಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಠಾಣೆಗೆ ಕರೆದಿದ್ದಾರೆ. 'ನಮ್ಮ ಮಕ್ಕಳು ಯಾಕೆ ಸ್ಟೇಷನ್ ಮೆಟ್ಟಿಲು ಹತ್ತಬೇಕು' ಅನ್ನುವುದು ಪೋಷಕರ ತಕರಾರು. ಏನು ಮಾಡಲಿ?
– ಹೈಸ್ಕೂಲ್ ಶಿಕ್ಷಕ, ಪೀಣ್ಯ

ಉತ್ತರ: ಕರೆದುಕೊಂಡು ಹೋಗಿ ಮೇಷ್ಟ್ರೇ, ಪೋಷಕರಲ್ಲಿ ಇಬ್ಬರನ್ನೂ ಸೇರಿಸಿಕೊಳ್ಳಿ. ಆದರೆ ಲಾಕಪ್ಪು, ಬಂದೂಕು ತೋರಿಸಿ, ಬಿಸ್ಕತ್ತು ಕೊಟ್ಟು, ಬ್ಯಾನರ್ ಮುಂದೆ ಫೋಟೊ ತೆಗೆಸಿ ಕಳಿಸುವ ಕಾರ್ಯಕ್ರಮ ಆಗದಿರಲಿ. ದೂರು ಹೇಗೆ ಬರೆದುಕೊಳ್ಳುತ್ತಾರೆ, 112ಕ್ಕೆ ಫೋನ್ ಮಾಡಿದರೆ ಏನಾಗುತ್ತದೆ, ಮಕ್ಕಳ ಸಹಾಯವಾಣಿ 1098 ಯಾವುದಕ್ಕೆ, ಇದನ್ನೆಲ್ಲ ಮಕ್ಕಳೇ ಕೇಳಲಿ. ನಿಮ್ಮ ಬೀದಿಯ ಬೀಟ್ ಪೊಲೀಸರು ಎದುರಿಗೆ ಬಂದು ಹೆಸರು ಹೇಳಿಕೊಳ್ಳಲಿ. ನಾನಿದ್ದ ಒಂದು ಠಾಣೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು 'ಪೊಲೀಸರೇ ಹೊಡೆದರೆ ಯಾರಿಗೆ ಹೇಳಬೇಕು?' ಅಂದುಬಿಟ್ಟಳು. ಇನ್‌ಸ್ಪೆಕ್ಟರ್ ಒಳ್ಳೆಯವರು. ಮಕ್ಕಳ ಹಕ್ಕುಗಳ ಆಯೋಗ, ಪೊಲೀಸ್ ದೂರು ಪ್ರಾಧಿಕಾರ, ಎರಡನ್ನೂ ಬೋರ್ಡ್ ಮೇಲೆ ತಾವೇ ಬರೆದರು.

ನನ್ನದೊಂದು ತಕರಾರೂ ಇದೆ. ಇಂಥ ಕಾರ್ಯಕ್ರಮಕ್ಕೆ ಬರುವವರು ಶಾಲೆಗೆ ಬರುವ ಮಕ್ಕಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗ ಅಲ್ಲಿರುವುದಿಲ್ಲ. 'ಅಣ್ಣ' ಹುಡುಕುವುದು ಇವನನ್ನೇ. ಬಿಟ್ಟುಹೋದವರ ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲಿ ಇದೆಯಲ್ಲ, ಅವರಿಗೂ ಹೇಳಿಕಳಿಸಿ.

ಪ್ರಶ್ನೆ: ಮಗನಿಗೆ 17. ಹತ್ತಿರದ ಟ್ಯೂಷನ್ನಿಗೆ ನನ್ನ ಸ್ಕೂಟರ್ ಕೊಡಬಹುದಾ?
– ಯಲಹಂಕದ ಅಪ್ಪ

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಸಿಕ್ಕಿಹಾಕಿಕೊಳ್ಳುವವರು ನೀವು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹತ್ತಿರ ಅಂತ ನೀವೇ ಬರೆದಿದ್ದೀರಿ, ಸೈಕಲ್ ಕೊಡಿಸಿ.