ಎಲ್ಲಾ ಕಷ್ಟವೂ ಒಟ್ಟಿಗೇ ಬಂದಿದೆ, ಮೊದಲು ಯಾವುದನ್ನು ಹಿಡಿಯಲಿ?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಆರು ತಿಂಗಳ ಹಿಂದೆ ಕೆಲಸ ಹೋಯಿತು. ಬೇರೆ ಕೆಲಸ ಹುಡುಕುತ್ತಿರುವಾಗಲೇ ಅಪ್ಪ ಹಾಸಿಗೆ ಹಿಡಿದರು. ಎರಡು ತಿಂಗಳು ಆಸ್ಪತ್ರೆಗೆ ಓಡಾಡಿದೆವು, ಉಳಿಸಿಕೊಳ್ಳಲು ಆಗಲಿಲ್ಲ. ಬಿಲ್ಲಿನ ಅರ್ಧ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ, ಇನ್ನರ್ಧಕ್ಕೆ ಪರ್ಸನಲ್ ಲೋನ್ ತೆಗೆದೆ. ಇದು ಸಾಲದು ಅಂತ, ನಾನು ಜಾಮೀನು ಹಾಕಿದ್ದ ಗೆಳೆಯ ಕಂತು ಕಟ್ಟುವುದನ್ನು ನಿಲ್ಲಿಸಿದ್ದಾನೆ. ಬ್ಯಾಂಕಿನವರು ಈಗ ನನಗೆ ಫೋನ್ ಮಾಡುತ್ತಿದ್ದಾರೆ. ಹೆಂಡತಿಗೆ ಕಾರ್ಡಿನ ಸಾಲ ಅರ್ಧ ಮಾತ್ರ ಗೊತ್ತು. ಜಾಮೀನಿನ ವಿಷಯ ಗೊತ್ತೇ ಇಲ್ಲ. ದಿನಾ ಏನಾದರೊಂದು ಸಣ್ಣ ವಿಷಯಕ್ಕೆ ಜಗಳ. ಅಪ್ಪ ಹೋಗಿ ಎಂಟು ವಾರ ಆಯಿತು, ಒಂದು ಸಲವೂ ಸರಿಯಾಗಿ ಅತ್ತಿಲ್ಲ. ಕಲ್ಲಾಗಿಬಿಟ್ಟೆನಾ ಅಂತ ಭಯ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬೆಳಿಗ್ಗೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗದೆ ಸುಮ್ನೆ ಕೂತಿರುತ್ತೇನೆ. ನಾನೇ ಇಲ್ಲದಿದ್ದರೆ ಮನೆಯವರಿಗೆ ಒಳ್ಳೆಯದಾಗುತ್ತಿತ್ತೇನೋ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮೊದಲು. ಆ ಯೋಚನೆಯನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಇವತ್ತೇ, ನಾಳೆ ಅಲ್ಲ, ನಿಮ್ಮವರು ಅನಿಸುವ ಒಬ್ಬರಿಗೆ ಇದೇ ಮಾತಿನಲ್ಲಿ ಹೇಳಿ. 'ನಾನಿಲ್ಲದಿದ್ದರೆ ಚೆನ್ನಾಗಿತ್ತು ಅನಿಸುತ್ತಿದೆ' ಅಂತಲೇ ಹೇಳಿ, ಸುತ್ತಿಬಳಸಬೇಡಿ. ಈ ವಾರದಲ್ಲೇ ಒಬ್ಬ ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಯೋಚನೆ ಗಟ್ಟಿಯಾದರೆ, ಹೇಗೆ, ಯಾವಾಗ ಎಂಬಲ್ಲಿಗೆ ಹೋದರೆ, ತಕ್ಷಣ ಸಹಾಯವಾಣಿಗೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಇಂಥ ಯೋಚನೆ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಜೊತೆಗೊಬ್ಬರು ಇರಬೇಕು, ಅಷ್ಟೇ ನಾನು ಕೇಳುತ್ತಿರುವುದು. ಸಾಲ ನಿಮ್ಮ ಹೆಂಡತಿಗೆ ಭಾರ ಆಗಬಹುದು, ನಿಜ. ನೀವು ಭಾರ ಅಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಮರದಿಂದ ಬಿದ್ದವನಿಗೆ ದೊಣ್ಣೆ ಪೆಟ್ಟು ಅಂತಾರಲ್ಲ, ನಿಮಗೆ ಆಗಿರುವುದು ಅದೇ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳ ಒಂದು ಪಟ್ಟಿ ಮಾಡಿದರು. ಒಂದೊಂದು ಘಟನೆ ಮನುಷ್ಯನನ್ನು ಎಷ್ಟು ಅಲ್ಲಾಡಿಸುತ್ತದೆ ಅನ್ನುವುದಕ್ಕೆ ಅಂಕ ಕೊಟ್ಟರು. ಹತ್ತಿರದವರ ಸಾವಿಗೆ 63, ಕೆಲಸ ಕಳೆದುಕೊಂಡರೆ 47, ಹಣಕಾಸಿನ ಸ್ಥಿತಿ ಬದಲಾದರೆ 38, ಗಂಡ ಹೆಂಡಿರ ಜಗಳ ಹೆಚ್ಚಾದರೆ 35. ನಿಮ್ಮದು ಕೂಡಿದರೆ 183. ಒಂದು ವರ್ಷದಲ್ಲಿ 150 ದಾಟಿದರೆ ಮೈಗೂ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಅವರ ಲೆಕ್ಕ. ಇದು ಒಂದು ಅಂದಾಜಿನ ಅಳತೆ ಮಾತ್ರ, ಯಾರ ಹಣೆಬರಹವೂ ಅಲ್ಲ. ಆದರೂ ಹೇಳಿದ್ದು ಯಾಕೆ ಅಂದರೆ, ನೀವು ಬೆಳಿಗ್ಗೆ ಸುಮ್ನೆ ಕೂರುವುದು ಸೋಮಾರಿತನ ಅಲ್ಲ. ಹೊತ್ತಿರುವ ಭಾರ ನಿಜವಾಗಿಯೂ ದೊಡ್ಡದು.

ಇನ್ನೊಂದು ವಿಷಯವೂ ಇದೆ. ದುಡ್ಡಿನ ಚಿಂತೆ ತಲೆಯ ಜಾಗವನ್ನೇ ತಿಂದುಬಿಡುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತರಿಗೆ ಕಟಾವಿನ ಮೊದಲು, ಕೈ ಬರಿದಾಗಿದ್ದಾಗ, ಯೋಚನಾ ಶಕ್ತಿಯ ಪರೀಕ್ಷೆ ಕೊಟ್ಟರು. ಕಟಾವಾಗಿ ದುಡ್ಡು ಬಂದ ಮೇಲೆ ಮತ್ತೆ ಕೊಟ್ಟರು. ಮೊದಲ ಸಲ ಮಾಡಿದ್ದಕ್ಕಿಂತ ಎರಡನೇ ಸಲ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ, ಬದಲಾಗಿದ್ದು ಕೈಯ ಪರಿಸ್ಥಿತಿ. ಹಾಗಾಗಿ ಈಗ ನಿಮ್ಮ ತಲೆ ಓಡುತ್ತಿಲ್ಲ ಅಂದರೆ ನೀವು ದಡ್ಡರಾದಿರಿ ಅಂತಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ತೀರ್ಮಾನ ಬೇಡ. ಮನೆ ಮಾರುವುದು, ಬೇರೆಯಾಗುವುದು, ಇದ್ದಬದ್ದದ್ದನ್ನೆಲ್ಲ ಒಂದೇ ವ್ಯಾಪಾರಕ್ಕೆ ಹಾಕುವುದು, ಯಾವುದೂ ಬೇಡ. ಮುಂದಕ್ಕೆ ಹಾಕಲು ಆಗುವುದನ್ನೆಲ್ಲ ಸ್ವಲ್ಪ ಮುಂದಕ್ಕೆ ಹಾಕಿ.

ಹಾಗಾದರೆ ಮೊದಲು ಯಾವುದನ್ನು ಹಿಡಿಯುವುದು? ನನ್ನ ಅನುಭವದಲ್ಲಿ ಒಂದೇ ಒಂದು ಪ್ರಶ್ನೆ ಈ ಗಂಟನ್ನು ಬಿಚ್ಚುತ್ತದೆ: ಇದಕ್ಕೆ ತಾರೀಖು ಇದೆಯಾ? ಕಂತಿಗೆ ತಾರೀಖಿದೆ, ಬಡ್ಡಿಗಿದೆ, ನೋಟಿಸಿಗೆ ಉತ್ತರ ಕೊಡುವುದಕ್ಕಿದೆ. ಅಪ್ಪ ಹೋದ ದುಃಖಕ್ಕೆ ತಾರೀಖಿಲ್ಲ. ಹೆಂಡತಿಯ ಜೊತೆ ಮುರಿದ ನಂಬಿಕೆ ಇಂಥ ದಿನದೊಳಗೆ ಸರಿಹೋಗಬೇಕು ಅಂತಲೂ ಇಲ್ಲ. ತಾರೀಖು ಇರುವುದಕ್ಕೆ ಕೆಲಸ ಬೇಕು. ಇಲ್ಲದ್ದಕ್ಕೆ ಹೊತ್ತು ಬೇಕು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಹೊತ್ತಿದ್ದೀರಿ, ಅದಕ್ಕೇ ಎತ್ತಲು ಆಗುತ್ತಿಲ್ಲ. ದುಃಖದಲ್ಲಿ ಕೂತು ಸಾಲದ ಫೋನ್ ತೆಗೆಯುತ್ತಿಲ್ಲ, ಸಾಲದ ಗಡಿಬಿಡಿಯಲ್ಲಿ ಅಳುವುದಕ್ಕೂ ಬಿಡುವು ಸಿಗುತ್ತಿಲ್ಲ. ಹೀಗೇ ಅಲ್ವಾ ಆಗುತ್ತಿರುವುದು?

ಒಬ್ಬರ ವಿಷಯ ಹೇಳುತ್ತೇನೆ. ನನ್ನ ಹತ್ತಿರ ಬಂದಾಗ ಅವರ ಬ್ಯಾಗಿನಲ್ಲಿ ಒಡೆಯದ ಲಕೋಟೆಗಳ ಒಂದು ಕಟ್ಟು ಇತ್ತು. ರಬ್ಬರ್ ಬ್ಯಾಂಡ್ ಹಾಕಿದ್ದರು. ನಾಲ್ಕು ತಿಂಗಳಿಂದ ಒಂದನ್ನೂ ತೆರೆದಿರಲಿಲ್ಲ. 'ಇಲ್ಲೇ ತೆಗೆಯೋಣ, ನಾನೂ ಇರುತ್ತೇನೆ' ಅಂದೆ. ಮೊದಲನೆಯದನ್ನು ಹರಿಯುವಾಗ ಕೈ ನಡುಗುತ್ತಿತ್ತು. ಒಟ್ಟು ಹನ್ನೊಂದು ಇದ್ದವು. ಅದರಲ್ಲಿ ಆರು ಒಂದೇ ಸಾಲದ ಒಂದೇ ಜ್ಞಾಪನೆ, ತಿಂಗಳು ಬೇರೆ ಅಷ್ಟೇ. ಎರಡು ಜಾಹೀರಾತು. ಉಳಿದದ್ದು ಮೂರು. ಮೂರನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. 'ಇಷ್ಟೇನಾ?' ಅಂದರು. ಮೊತ್ತ ಒಂದು ಪೈಸೆಯೂ ಕಡಿಮೆ ಆಗಿರಲಿಲ್ಲ. ಆದರೆ ಲೆಕ್ಕವಿಲ್ಲದ ಭಯ ಹೋಗಿ ಲೆಕ್ಕ ಇರುವ ಸಾಲ ಉಳಿದಿತ್ತು.

ನೀವೂ ಅದನ್ನೇ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಮುಂದಿನ ತಾರೀಖು ಯಾವುದು, ಕಟ್ಟದಿದ್ದರೆ ಏನಾಗುತ್ತದೆ ಅಂತ ಸಾಲಾಗಿ ಬರೆಯಿರಿ. ಬರುವ ದುಡ್ಡು ಮೊದಲು ಇರುವ ಮನೆಗೆ, ಊಟಕ್ಕೆ, ಔಷಧಿಗೆ, ವಿದ್ಯುತ್ತಿಗೆ, ಮಕ್ಕಳಿದ್ದರೆ ಅವರ ಓದಿಗೆ ಹೋಗಬೇಕು. ಫೋನಿನಲ್ಲಿ ಜೋರು ಮಾಡುವವರಿಗೆ ಮೊದಲು ಕೊಡುವುದು ತುಂಬಾ ಜನ ಮಾಡುವ ತಪ್ಪು. ಜೋರು ಮಾಡುವ ಸಾಲವೇ ಅಪಾಯದ ಸಾಲ ಆಗಿರಬೇಕಿಲ್ಲ. ತಪ್ಪಿದರೆ ಮನೆ ಹೋಗುವಂಥ ಸಾಲ ಇದ್ದರೆ ಅದು ಮುಂದೆ. ಆಮೇಲೆ ಜಾಸ್ತಿ ಬಡ್ಡಿಯದ್ದು.

ನಿಮ್ಮ ವಿಷಯದಲ್ಲಿ ಅದು ಬಹುಶಃ ಕಾರ್ಡು. ತಿಂಗಳಿಗೆ ಶೇಕಡ 3 ಬಡ್ಡಿ ಅಂತಿಟ್ಟುಕೊಳ್ಳಿ. ಏನೂ ಕಟ್ಟದೆ ಬಿಟ್ಟರೆ 100 ಇದ್ದದ್ದು ಎರಡು ವರ್ಷಕ್ಕೆ 203 ಆಗುತ್ತದೆ. ಅದೇ ತಿಂಗಳಿಗೆ ಶೇಕಡ 1ರ ಸಾಲವಾದರೆ 127. 'ಕನಿಷ್ಠ ಮೊತ್ತ' ಅಂತ ಬಿಲ್ಲಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ಕಟ್ಟಿದರೆ ಅದರ ದೊಡ್ಡ ಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಹೆಚ್ಚೇನೂ ಕರಗುವುದಿಲ್ಲ. ಅದಕ್ಕೇ, ಮುಂದಿನ ಕಂತು ತಪ್ಪುವ ಮೊದಲೇ ನೀವಾಗಿ ಬ್ಯಾಂಕಿಗೆ ಫೋನ್ ಮಾಡಿ. ಕೆಲಸ ಹೋಗಿದೆ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಕೊಡಲು ಆಗುತ್ತದಾ, ಲೋನಿನ ಅವಧಿ ಹೆಚ್ಚಿಸಲು ಆಗುತ್ತದಾ ಅಂತ ಕೇಳಿ. ಅವಧಿ ಹೆಚ್ಚಾದರೆ ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ಅದು ಗೊತ್ತಿರಲಿ. ಆದರೂ ಈಗ ಉಸಿರಾಡಲು ಜಾಗ ಸಿಗುತ್ತದೆ. ಫೋನಿನಲ್ಲಿ ಏನೇ ಒಪ್ಪಿದರೂ ಬರಹದಲ್ಲಿ ಬರುವ ತನಕ ನಂಬಬೇಡಿ. ಯಾರ ಜೊತೆ, ಯಾವ ದಿನ ಮಾತಾಡಿದಿರಿ ಅಂತ ಗುರುತು ಹಾಕಿಕೊಳ್ಳಿ. ಒಂದು ಸಾಲ ತೀರಿಸಲು ಅದಕ್ಕಿಂತ ದುಬಾರಿ ಸಾಲ ತೆಗೆಯಬೇಡಿ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಕಡೆ ತಿರುಗಿಯೂ ನೋಡಬೇಡಿ. ದಯವಿಟ್ಟು.

ಜಾಮೀನಿನ ವಿಷಯ ಸ್ವಲ್ಪ ಕಠಿಣ. ಜಾಮೀನು ಅಂದರೆ ಸಾಕ್ಷಿ ಸಹಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ಸಾಲ ತೆಗೆದವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ಕೊಟ್ಟ ಮಾತು. ಹಾಗಾಗಿ ಬ್ಯಾಂಕಿನವರು ಕೇಳುವುದರಲ್ಲಿ ತಪ್ಪಿಲ್ಲ, ಫೋನ್ ತೆಗೆಯದಿದ್ದರೆ ಅದು ಮಾಯ ಆಗುವುದೂ ಇಲ್ಲ. ನೀವು ಸಹಿ ಹಾಕಿದ ಕರಾರಿನ ಪ್ರತಿ, ಬಾಕಿಯ ಪೂರ್ತಿ ಲೆಕ್ಕ ಎರಡನ್ನೂ ಬ್ಯಾಂಕಿನಿಂದ ಕೇಳಿ ಪಡೆಯಿರಿ. ಒಬ್ಬ ವಕೀಲರಿಗೆ ತೋರಿಸಿ. ತೋರಿಸುವ ತನಕ ಹೊಸ ಕಾಗದಕ್ಕೆ ಸಹಿ ಹಾಕಬೇಡಿ. ಗೆಳೆಯನನ್ನು ಕೂರಿಸಿ ಮಾತಾಡಿ. ನೀವು ಅವನ ಪರವಾಗಿ ಕಟ್ಟಿದ್ದನ್ನು ಅವನಿಂದ ವಸೂಲಿ ಮಾಡುವ ಹಕ್ಕು ಸಾಮಾನ್ಯವಾಗಿ ಜಾಮೀನುದಾರನಿಗೆ ಇರುತ್ತದೆ, ಆದ್ದರಿಂದ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ. ಅವನ ಮೇಲೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಮನೆಯಲ್ಲಿ ಹೊರಬರುತ್ತಿದೆಯಾ, ಒಮ್ಮೆ ನೋಡಿಕೊಳ್ಳಿ.

ಹೆಂಡತಿಗೆ ಹೇಳಲೇಬೇಕಾ ಅಂತ ನೀವು ಕೇಳಿಲ್ಲ. ನಾನು ಹೇಳುತ್ತೇನೆ: ಹೇಳಲೇಬೇಕು, ಪೂರ್ತಿ ಹೇಳಬೇಕು. ಅರ್ಧ ಹೇಳಿ ಮತ್ತರ್ಧ ಇನ್ನೊಂದು ದಿನ ಗೊತ್ತಾದರೆ ಅವರಿಗೆ ಎರಡು ಸಲ ಪೆಟ್ಟು. ಬ್ಯಾಂಕಿನವರ ಬಾಯಿಂದ ಗೊತ್ತಾದರಂತೂ ಕೇಳುವುದೇ ಬೇಡ. ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ, ಜಗಳದ ಮಧ್ಯೆ ಬೇಡ. ಬೆಳಕಿರುವಾಗ, ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂರಿ. 'ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೆದರಿಕೆಯಿಂದ ಮುಚ್ಚಿಟ್ಟೆ. ಇವತ್ತು ಎಲ್ಲಾ ಇಲ್ಲಿದೆ' ಅಂತ ಶುರು ಮಾಡಿ. ಅವರು ಕೂಗಬಹುದು, ಎದ್ದು ಹೋಗಬಹುದು, ಎರಡು ದಿನ ಮಾತು ಬಿಡಬಹುದು. ಅದಕ್ಕೆ ಅವರಿಗೆ ಕಾರಣ ಇದೆ. ಸಮರ್ಥನೆ ಕೊಡಬೇಡಿ, ಹಾಳೆಯನ್ನು ಅಲ್ಲೇ ಬಿಡಿ. ದಿನಾ ಸಣ್ಣ ವಿಷಯಕ್ಕೆ ಜಗಳ ಅಂದಿರಲ್ಲ, ಆ ಸಣ್ಣ ವಿಷಯಗಳ ಅಡಿಯಲ್ಲಿ ಇರುವುದು ಇದೇ ಅಂತ ನನ್ನ ಅನುಮಾನ. ನೀವೇನೋ ಮುಚ್ಚಿಡುತ್ತಿದ್ದೀರಿ ಅಂತ ಅವರಿಗೆ ಯಾವತ್ತೋ ಗೊತ್ತಾಗಿದೆ. ಏನು ಅಂತ ಮಾತ್ರ ಗೊತ್ತಿಲ್ಲ.

ಅಪ್ಪನ ವಿಷಯ. ನೀವು ಕಲ್ಲಾಗಿಲ್ಲ. ಕಲ್ಲಾದವರು ಕಲ್ಲಾದೆನಾ ಅಂತ ಪತ್ರ ಬರೆಯುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಷುಟ್ ಎಂಬ ಸಂಶೋಧಕರು 1999ರಲ್ಲಿ ಒಂದು ಮಾತು ಹೇಳಿದರು, ನನ್ನ ಕೆಲಸದಲ್ಲಿ ಅದು ದಿನಾ ನಿಜ ಅನಿಸುತ್ತದೆ. ದುಃಖದಲ್ಲಿರುವವರು ಎರಡು ದಡದ ನಡುವೆ ಓಡಾಡುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಬಿಲ್ಲು, ಕೆಲಸ, ಮನೆ. ಈ ಓಡಾಟವೇ ಆರೋಗ್ಯ. ಒಂದೇ ದಡದಲ್ಲಿ ಸಿಕ್ಕಿಕೊಂಡರೆ ಕಷ್ಟ. ನಿಮಗೆ ಸಾಲವು ಆ ಕಡೆಯ ದಡಕ್ಕೆ ಹೋಗಲು ಬಿಟ್ಟೇ ಇಲ್ಲ. ವಾರದಲ್ಲಿ ಎರಡು ಸಲ, ಅರ್ಧ ಗಂಟೆ, ಅಪ್ಪನಿಗೆ ಅಂತ ಇಟ್ಟುಕೊಳ್ಳಿ. ಅವರ ಕನ್ನಡಕವೋ ಕೈಗಡಿಯಾರವೋ ಇದ್ದರೆ ಕೈಯಲ್ಲಿ ಹಿಡಿದು ಕೂರಿ. ಅವರಿಗೆ ಹೇಳದೆ ಉಳಿದದ್ದನ್ನು ಬರೆಯಿರಿ. ಅಳು ಬಂದರೆ ಬರಲಿ, ಬರದಿದ್ದರೆ ಬಲವಂತ ಬೇಡ. ಬಿಲ್ಲು ನೋಡಿದರೆ ಅಪ್ಪ ನೆನಪಾಗುತ್ತಾರೆ, ಅಪ್ಪ ನೆನಪಾದರೆ ಬಿಲ್ಲು ನೆನಪಾಗುತ್ತದೆ ಅಂತ ಇಂಥವರು ನನಗೆ ಹೇಳುವುದುಂಟು. ಆ ಬಿಲ್ಲು ನೀವು ಅವರನ್ನು ಉಳಿಸಲು ಮಾಡಿದ ಪ್ರಯತ್ನದ ಲೆಕ್ಕ. ಅದಕ್ಕೆ ನಾಚಿಕೆ ಪಡಬೇಡಿ.

ರಾತ್ರಿ ಮೂರರ ಬಗ್ಗೆ: ಮಲಗುವ ಮೊದಲು ಐದು ನಿಮಿಷ, ನಾಳೆ ಮಾಡಬೇಕಾದ್ದನ್ನು ಬರೆದಿಡಿ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೀಗೆ ಬರೆದವರು ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಗೆ ಜಾರಿದರು. ಎಚ್ಚರವಾಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ, ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಫೋನು ಬೇರೆ ಕೋಣೆಯಲ್ಲಿರಲಿ. ನಿದ್ದೆಗೆ ಅಂತ ಮದ್ಯ ಬೇಡ, ಅದು ಮಲಗಿಸಿದ ಹಾಗೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ ಅನ್ನುವಂತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಕೆಲಸ ಹುಡುಕುವುದನ್ನು ದಿನಕ್ಕೆ ಎರಡು ಗಂಟೆಗೆ ಮಿತಿ ಮಾಡಿ, ಬೆಳಿಗ್ಗೆಯೇ ಮುಗಿಸಿ. ಹಿಂದಿನದಕ್ಕಿಂತ ಕಡಿಮೆ ಸಂಬಳದ್ದು ಸಿಕ್ಕರೂ ಸದ್ಯಕ್ಕೆ ಬೇಡ ಅನ್ನಬೇಡಿ.

ಮೊದಲ ವಾರಕ್ಕೆ ಇಷ್ಟು ಸಾಕು: ಒಬ್ಬರಿಗೆ ಆ ಮಾತು ಹೇಳುವುದು, ವೈದ್ಯರನ್ನು ಕಾಣುವುದು, ಹಾಳೆ ಬರೆಯುವುದು, ಹೆಂಡತಿಯ ಜೊತೆ ಕೂರುವುದು. ಬ್ಯಾಂಕಿನ ಫೋನು ಅದರ ಮರುದಿನ, ಸಾಧ್ಯವಾದರೆ ಅವರು ಪಕ್ಕದಲ್ಲಿರುವಾಗ.

ಪ್ರಶ್ನೆ: ನನ್ನ ಅಕ್ಕನಿಗೆ ಒಂದೇ ವರ್ಷದಲ್ಲಿ ವಿಚ್ಛೇದನ, ಅಂಗಡಿ ನಷ್ಟ, ಅನಾರೋಗ್ಯ ಎಲ್ಲಾ ಬಂದಿದೆ. 'ಏನಾದರೂ ಬೇಕಿದ್ದರೆ ಹೇಳು' ಅಂದರೆ ಏನೂ ಬೇಡ ಅನ್ನುತ್ತಾಳೆ. ಹೇಗೆ ಸಹಾಯ ಮಾಡಲಿ?

ಉತ್ತರ: ಏನು ಬೇಕು ಅಂತ ಯೋಚಿಸುವ ಶಕ್ತಿಯೂ ಅವರಲ್ಲಿ ಈಗ ಇರಲಿಕ್ಕಿಲ್ಲ. ಆದ್ದರಿಂದ ಕೇಳಬೇಡಿ, ಒಂದೊಂದು ಕೆಲಸದ ಹೆಸರು ಹಿಡಿದು ಹೇಳಿ. 'ಗುರುವಾರ ಆಸ್ಪತ್ರೆಗೆ ನಾನು ಬರುತ್ತೇನೆ', 'ಶನಿವಾರ ಬಂದು ಅಂಗಡಿಯ ಕಾಗದ ಜೋಡಿಸೋಣ' ಅಂತ. ದುಡ್ಡು ಕೊಡುವುದಾದರೆ ವಾಪಸು ಬಾರದಿದ್ದರೂ ತಡೆಯುವಷ್ಟನ್ನೇ ಕೊಡಿ, ಇಲ್ಲದಿದ್ದರೆ ಅಕ್ಕ ತಂಗಿಯ ನಡುವೆ ಇನ್ನೊಂದು ಕಂತು ಹುಟ್ಟಿಕೊಳ್ಳುತ್ತದೆ. 'ಎಲ್ಲಾ ಒಳ್ಳೆಯದಕ್ಕೇ' ಅನ್ನುವ ಮಾತು ಮಾತ್ರ ಬೇಡ, ಕೇಳುವವರಿಗೆ ಅದು ಗಾಯದ ಮೇಲೆ ಬರೆ. ಅವರು ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ, ಹತ್ತನೇ ಸಲವೂ ಕೇಳಿ. ಎರಡು ಮೂರು ತಿಂಗಳ ಮೇಲೆ, ಉಳಿದವರೆಲ್ಲ ಫೋನ್ ಮಾಡುವುದನ್ನು ಬಿಟ್ಟಿರುತ್ತಾರೆ. ಆಗ ಗುರುವಾರ ಮತ್ತೆ ಹೋಗಿ.