ಕಲಬುರಗಿ ಬಿಸಿಲಲ್ಲಿ ವೈನ್ ಆರಿಸೋದು ಹೇಗೆ?

ಪ್ರಶ್ನೆ: ನಾನು ಕೆಲಸದಿಂದ ನಿವೃತ್ತನಾಗಿ ಕಲಬುರಗಿಯಲ್ಲೇ ಇದ್ದೇನೆ. ಮಗಳು, ಅಳಿಯ ಪುಣೆಯಲ್ಲಿದ್ದಾರೆ. ಮುಂದಿನ ತಿಂಗಳು ಬೀಗರನ್ನೂ ಕರೆದುಕೊಂಡು ಬರ್ತಿದ್ದಾರೆ. ಅಳಿಯಂದಿರಿಗೆ ವೈನ್ ಇಷ್ಟ. ಅಂಗಡಿಗೆ ಹೋದರೆ 400 ರೂಪಾಯಿಯದ್ದೂ ಇದೆ, 2,500 ರೂಪಾಯಿಯದ್ದೂ ಇದೆ. ನನಗೆ ವಿಸ್ಕಿ ಬಿಟ್ಟು ಬೇರೇನೂ ಗೊತ್ತಿಲ್ಲ. ಜಾಸ್ತಿ ಬೆಲೆಯದ್ದು ತಗೊಂಡರೆ ಮೋಸ ಇಲ್ಲ ಅಲ್ವಾ?

ಉತ್ತರ: ಇದೆ ಸರ್. ಮೋಸ ಮಾಡೋದು ಅಂಗಡಿಯವರಲ್ಲ, ನಮ್ಮೂರಿನ ಬಿಸಿಲು.

ನನ್ನದೇ ಕಥೆ ಕೇಳಿ. ಒಂದು ಮೇ ತಿಂಗಳಲ್ಲಿ ಊರಿಗೆ ಬಂದಾಗ 1,800 ರೂಪಾಯಿ ಕೊಟ್ಟು ಒಂದು ಕೆಂಪು ವೈನ್ ತಂದೆ. ಬಾಟಲಿ ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಅಂದವಾಗಿ ನಿಂತಿತ್ತು. ಮನೆಗೆ ಬಂದು ನೋಡಿದರೆ ಲೇಬಲ್ ಒಂದು ಮಗ್ಗುಲಲ್ಲಿ ಬಣ್ಣ ಕಳೆದುಕೊಂಡಿತ್ತು. ಕತ್ತಿನ ಮೇಲಿನ ತಗಡು ಸ್ವಲ್ಪ ಉಬ್ಬಿತ್ತು. ಬಿಚ್ಚಿದರೆ ಕಾರ್ಕ್ ಬಾಯಿಯಿಂದ ಒಂದು ಕಾಳಿನಷ್ಟು ಮೇಲೆ ಬಂದಿತ್ತು. ರುಚಿ? ಒಣದ್ರಾಕ್ಷಿ ಕುದಿಸಿದ ನೀರು. ಅದೇ ವಾರ ಗೆಳೆಯನೊಬ್ಬ ಏಸಿ ಇರುವ ಅಂಗಡಿಯಿಂದ 800 ರೂಪಾಯಿಯ ಬಾಟಲಿ ತಂದಿದ್ದ. ಅದು ಎಷ್ಟೋ ಛಲೋ ಇತ್ತು.

ವಿಸ್ಕಿ ರೂಢಿ ಇರುವವರು ಎಡವೋದು ಇಲ್ಲೇ. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ, ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೂ ಅದಕ್ಕೇನೂ ಆಗಲ್ಲ. ವೈನ್‌ನಲ್ಲಿ ಸಾಮಾನ್ಯವಾಗಿ ಶೇ 12ರಿಂದ 14. ಅದು ಹಣ್ಣಿನ ರಸದ ಹತ್ತಿರದ ನೆಂಟ. 42 ಡಿಗ್ರಿ ಬಿಸಿಲಿನ ದಿನಗಳಲ್ಲಿ ಅದನ್ನು ಹೊರಗಿಟ್ಟರೆ ಬೆಂದೇ ಹೋಗುತ್ತದೆ.

ಹಾಗಾಗಿ ಮೊದಲು ಅಂಗಡಿ ನೋಡಿ, ಆಮೇಲೆ ಬೆಲೆ. ವೈನ್ ಜಾಸ್ತಿ ಓಡುವ, ಒಳಗೆ ತಂಪಿರುವ ಅಂಗಡಿ ಆರಿಸಿ. ಕಪಾಟಿನ ಮುಂದೆ ನಿಂತದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ. ಬಾಟಲಿ ಕೈಗೆ ತಗೊಂಡು ಕತ್ತು ಸವರಿ ನೋಡಿ. ಅಂಟಂಟಾಗಿದ್ದರೆ ವೈನ್ ಸೋರಿದೆ ಅಂತ ಅರ್ಥ, ವಾಪಸ್ ಕೊಡಿ. ಲೇಬಲ್ ಮೇಲೆ ಒಂದು ಇಸವಿ ಇರುತ್ತದೆ, ಅದು ದ್ರಾಕ್ಷಿ ಕೊಯ್ದ ವರ್ಷ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಬಿಳಿ ಮತ್ತು ರೋಸೆ (ತಿಳಿ ಗುಲಾಬಿ ಬಣ್ಣದ) ವೈನ್ ಆದರೆ ಈ ವರ್ಷದ್ದು ಅಥವಾ ಹೋದ ವರ್ಷದ್ದು ಇರಲಿ. ಕೆಂಪು ಆದರೆ ಮೂರು, ನಾಲ್ಕು ವರ್ಷ ಹಳೆಯದಾದರೂ ನಡೆಯುತ್ತದೆ. 'ವೈನ್ ಹಳೆಯದಾದಷ್ಟೂ ಒಳ್ಳೆಯದು' ಅನ್ನೋ ಮಾತು ಎಲ್ಲ ಬಾಟಲಿಗೂ ಒಪ್ಪಲ್ಲ. ತಿರುಪು ಮುಚ್ಚಳ ಕಂಡು ಅಗ್ಗದ ಮಾಲು ಅಂದುಕೊಳ್ಳಬೇಡಿ. ನಮ್ಮ ಕಡೆಗೆ ನಾನು ಅದನ್ನೇ ಹುಡುಕುತ್ತೇನೆ.

ಇನ್ನು ಬೆಲೆ. ತೆರಿಗೆ ಆಗಾಗ ಬದಲಾಗೋದರಿಂದ ಇವು ಅಂದಾಜು ಲೆಕ್ಕ ಅಷ್ಟೇ.

500 ರೂಪಾಯಿ ಒಳಗೆ ಸಿಗೋದು ಹೆಚ್ಚಾಗಿ ಸಿಹಿ ಮಾಲು. 'ಪೋರ್ಟ್' ಅಂತ ಬರೆದಿರುತ್ತದೆ, ಹಲವು ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ್ದು. ತಪ್ಪೇನಿಲ್ಲ, ಶರಬತ್ತಿನಂತೆ ಇಷ್ಟಪಡುವವರಿದ್ದಾರೆ. ಆದರೆ ಪುಣೆಯ ಅಳಿಯಂದಿರ ಮುಂದೆ ಇಡಬೇಡಿ.

700ರಿಂದ 1,200ರ ನಡುವೆ ಕೊಟ್ಟ ದುಡ್ಡಿಗೆ ಸರಿಯಾದ ಮಾಲು ಸಿಗುತ್ತದೆ. ನಾಸಿಕ್‌ನ ಸುಲಾ, ನಮ್ಮದೇ ನಂದಿಬೆಟ್ಟದ ತಪ್ಪಲಿನ ಗ್ರೋವರ್, ಸೊಲ್ಲಾಪುರ ಜಿಲ್ಲೆ ಅಕ್ಲೂಜ್‌ನ ಫ್ರಾಟೆಲ್ಲಿ, ಇವುಗಳ ಸಾಮಾನ್ಯ ಬಾಟಲಿಗಳು ಹೆಚ್ಚಾಗಿ ಈ ಸಾಲಿನವು. ಬಾಟಲಿ, ಮುಚ್ಚಳ, ಸಾಗಣೆಯ ಖರ್ಚು ಅಗ್ಗದ ವೈನ್‌ಗೂ ಇದಕ್ಕೂ ಸುಮಾರು ಒಂದೇ. ಹಾಗಾಗಿ 400ರಿಂದ 900ಕ್ಕೆ ಹೋದಾಗ ಕೊಟ್ಟ ದುಡ್ಡಿನಲ್ಲಿ ದ್ರಾಕ್ಷಿಯ ಪಾಲು ಹೆಚ್ಚುತ್ತದೆ.

1,500 ದಾಟಿದ ಮೇಲೆ ನೀವು ಮರಕ್ಕೂ ದುಡ್ಡು ಕೊಡುತ್ತೀರಿ. ಒಳ್ಳೆಯ ಕೆಂಪು ವೈನ್ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಸಾಮಾನ್ಯವಾಗಿ ಒಂದು ಪೀಪಾಯಿಗೆ 225 ಲೀಟರ್, ಅಂದರೆ 300 ಬಾಟಲಿ. ಆ ಪೀಪಾಯಿ ಬರೋದು ಹೆಚ್ಚಾಗಿ ಫ್ರಾನ್ಸ್ ಇಲ್ಲವೇ ಅಮೆರಿಕದಿಂದ. ಫ್ರಾಟೆಲ್ಲಿಯ ಸೆಟ್ಟೆ, ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆಯ ಕೃಷ್ಮಾ ಈ ಸಾಲಿನವು. ನಮ್ಮ ಕಲ್ಯಾಣ ಕರ್ನಾಟಕದ ಮಣ್ಣಿನದು ಅಂತ ಕೃಷ್ಮಾ ಬಾಟಲಿ ತೋರಿಸಿದರೆ ಅಳಿಯಂದಿರು ಖುಷಿಪಡುತ್ತಾರೆ. ನಿಮ್ಮ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ಬರುವವರಿಗೆ ಹೇಳಿ.

ವಿದೇಶಿ ಮಾಲಿನ ವಿಷಯದಲ್ಲಿ ನಾನು ಜಿಪುಣ. ಅದರ ಬೆಲೆಯಲ್ಲಿ ಸುಂಕದ ಪಾಲೇ ದೊಡ್ಡದು. ಅದೇ 1,500 ರೂಪಾಯಿಗೆ ಇಲ್ಲಿನ ಮೇಲ್ದರ್ಜೆಯ ಬಾಟಲಿ ಬರುತ್ತದೆ, ಅಲ್ಲಿನದು ತಳದ ದರ್ಜೆಯದು.

ನಿಮ್ಮ ಸಂಜೆಗೆ ಏನು ತರಬೇಕು? ಊಟ ನೋಡಿ ಹೇಳುತ್ತೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇದ್ದೇ ಇರುತ್ತವೆ. ಖಾರದ ಜೊತೆ ಒಗರು ಕೆಂಪು ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ತುಸು ಸಿಹಿ ಇರುವ ಶೆನಿನ್ ಬ್ಲಾಂಕ್ ಬಿಳಿ ವೈನ್ ಚೆನ್ನಾಗಿ ತಣ್ಣಗಾಗಿಸಿ ಕೊಡಿ, ಖಾರ ತಡೆಯುತ್ತದೆ. ಮಟನ್ ಮಾಡಿಸಿದ್ದರೆ ಒಂದು ಶಿರಾಜ್ ಕೆಂಪು ವೈನ್. 750 ಮಿಲಿ ಬಾಟಲಿಗೆ ಐದು ಗ್ಲಾಸ್ ಲೆಕ್ಕ, ಕುಡಿಯುವವರು ನಾಲ್ವರಿದ್ದರೆ ಎರಡು ಬಾಟಲಿ ಸಾಕು. ಎರಡೂ ಸೇರಿ 2,000 ರೂಪಾಯಿಯ ಆಸುಪಾಸು.

ಕೆಂಪು ವೈನನ್ನೂ ಅರ್ಧ ತಾಸು ಫ್ರಿಜ್‌ನಲ್ಲಿಟ್ಟು ತೆಗೆಯಿರಿ. 'ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು' ಅಂತ ಬರೆದವರ ಕೋಣೆ 16, 18 ಡಿಗ್ರಿಯದು. ನಮ್ಮ ಪಡಸಾಲೆಯದಲ್ಲ.

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಸುರಾಹಿ ಇದೆ. ಅದರಲ್ಲಿ ವೈನ್ ಹಾಕಿಟ್ಟರೆ ಚಂದ ಕಾಣುತ್ತೆ. ಇಡಬಹುದಾ? (ಬೀದರ್)

ಉತ್ತರ: ದಯವಿಟ್ಟು ಬೇಡ. ಬಿದ್ರಿ ಅಂದರೆ ಹೆಚ್ಚಿನ ಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ವೈನ್ ಹುಳಿ ಪದಾರ್ಥ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಸಾರು ಇಡುತ್ತೀರಾ? ಇದೂ ಹಾಗೇ. ವೈನ್ ಕೆಡುತ್ತದೆ, ಲೋಹ ಹೊಟ್ಟೆಗೆ ಹೋಗುತ್ತದೆ, ಸುರಾಹಿಯೂ ಹಾಳು. ಅದನ್ನು ಮೇಜಿನ ಮೇಲೆ ಸುಮ್ನೆ ಅಲಂಕಾರಕ್ಕಿಡಿ. ವೈನ್ ಗಾಜಿನ ಜಗ್ಗಿನಲ್ಲಿರಲಿ.

ಪ್ರಶ್ನೆ: ಬಿಚ್ಚಿದ ಬಾಟಲಿ ಎಷ್ಟು ದಿನ ಇಡಬಹುದು? (ಯಾದಗಿರಿ)

ಉತ್ತರ: ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟರೆ ಮೂರು ದಿನ, ಕೆಂಪಾದರೂ ಬಿಳಿಯಾದರೂ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ತೊಳೆದು ಒಣಗಿಸಿದ ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿಡಿ, ಗಾಳಿ ಕಡಿಮೆ ತಾಗುತ್ತದೆ. ನಾಲ್ಕನೇ ದಿನ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಕುಡಿಯೋದು ಬೇಡ, ಚೆಲ್ಲಿ.