ಕುತ್ತಿಗೆಯ ಗಂಟು: ಹೆರಿಗೆ ಎಲ್ಲಿ?

28ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಕುತ್ತಿಗೆಯ ಪಕ್ಕ ನೀರು ತುಂಬಿದ ಗಂಟು ಕಂಡಿದೆ, ಊರಿನ ನರ್ಸಿಂಗ್ ಹೋಮಿನಲ್ಲೇ ಹೆರಿಗೆ ಮಾಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಗಂಟು ಶ್ವಾಸನಾಳವನ್ನು ಒತ್ತುತ್ತಿದೆಯಾ ಅನ್ನೋದು ಮೊದಲು ಗೊತ್ತಾಗಬೇಕು. ಹೊಟ್ಟೆಯಲ್ಲಿರುವಾಗಲೇ ಮಗುವಿನ ಎಂಆರ್‌ಐ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಒತ್ತುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ಮಗುವಿನ ಉಸಿರಿನ ದಾರಿಗೆ ಕೊಳವೆ ಹಾಕುತ್ತಾರೆ. ಇದಕ್ಕೆ ಎಕ್ಸಿಟ್ ಅಂತಾರೆ. ಅರಿವಳಿಕೆ ತಜ್ಞರು, ಮಕ್ಕಳ ಸರ್ಜನ್, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಎಲ್ಲ ಒಂದೇ ಕಡೆ ಇರಬೇಕು. ಒತ್ತದಿದ್ದರೂ ಅಂಥ ಆಸ್ಪತ್ರೆಯೇ ವಾಸಿ.

12ನೇ ವಾರದ ಹೊತ್ತಿಗೆ ಕತ್ತಿನ ಹಿಂದೆ ಕಾಣುವ ಗಂಟಿನಲ್ಲಿ ಕ್ರೋಮೋಸೋಮ್ ತೊಂದರೆ ಜಾಸ್ತಿ. ಅದನ್ನು ಓದಿ ಸುಮ್ನೆ ಹೆದರಬೇಡಿ, ನಿಮ್ಮದು ತಡವಾಗಿ ಪಕ್ಕದಲ್ಲಿ ಕಂಡಿದ್ದಲ್ವಾ? ಇಂಥ ಗಂಟು ಸಾಮಾನ್ಯವಾಗಿ ಲಿಂಫ್ಯಾಟಿಕ್ ಮಾಲ್ಫಾರ್ಮೇಶನ್, ಅಂದ್ರೆ ದುಗ್ಧರಸ ನಾಳಗಳು ಸರಿಯಾಗಿ ರೂಪುಗೊಳ್ಳದೆ ಆದ ನೀರಿನ ಚೀಲಗಳು; ಅದು ಕ್ಯಾನ್ಸರ್ ಅಲ್ಲ. ದೊಡ್ಡ ಚೀಲಗಳಿದ್ದರೆ ಮಗು ಹುಟ್ಟಿದ ಮೇಲೆ ಬ್ಲಿಯೋಮೈಸಿನ್‌ನಂಥ ಔಷಧಿ ಚುಚ್ಚಿ ಕುಗ್ಗಿಸುತ್ತಾರೆ. ಸಣ್ಣ ಚೀಲಗಳದ್ದು ಕಷ್ಟ, ಕೆಲವರಿಗೆ ಸಿರೋಲಿಮಸ್ ಅನ್ನೋ ಔಷಧಿ ಕೊಡುತ್ತಾರೆ.